ಮುಪ್ಪೆಂಬ ಮಿಥ್ಯಾನಿದಾನ

ಮನೆಯ ಕಂಪ್ಯೂಟರು ಹತ್ತು ವರ್ಷ ದಾಟಿದ ಮೇಲೆ ಅದರಲ್ಲಿ ಕಾಣಿಸಿಕೊಳ್ಳುವ ಯಾವ ವಿಕಾರಕ್ಕೂ ಕಾರಣವನ್ನು ಹುಡುಕುವುದು ವ್ಯರ್ಥವೆಂದೂ, ಅದು ತಾನಾಗಿ ನಿಂತರೆ, ತಾನಾಗಿ ಮತ್ತೆ ಹೊತ್ತಿಕೊಂಡರೆ, ನೀಲಿಯ ಪರದೆಯೊಂದನ್ನು ತೋರಿ ಸ್ತಬ್ಧವಾದರೆ, ಅವೆಲ್ಲವೂ ಮುಪ್ಪಿನ ಲಕ್ಷಣಗಳೇ ಎಂದೂ, ಆದಕಾರಣ ಅದನ್ನು ಕೊಟ್ಟು ಹೊಸದನ್ನು ತರುವುದೇ ವಿವೇಕವೆಂದೂ ಒಂದು ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ಅಂಗಡಿಯವರು ಅದನ್ನು ಹೇಳುತ್ತಾರೆ. ಕಚೇರಿಯ ಗೆಳೆಯರು ಹೇಳುತ್ತಾರೆ. ಊರಿಗೆ ಬಂದ ಮಕ್ಕಳು ಹೇಳುತ್ತಾರೆ. ಯಂತ್ರದ ಒಡೆಯನು ಎರಡು ದಿನ ಹಿಂದುಮುಂದು ನೋಡಿ ಕೊನೆಗೆ ತಾನೂ ಅದನ್ನೇ ಹೇಳುತ್ತಾನೆ. ಹೇಳುವವರಲ್ಲಿ ಬಹುಮಂದಿ ಸದ್ಭಾವದಿಂದಲೇ ಹೇಳುವುದರಿಂದ ಇದನ್ನು ಎದುರಿಸುವುದು ಕಷ್ಟ. ಆದರೂ ಇದು ಸುಳ್ಳಾದ ಅಭಿಪ್ರಾಯ, ಮತ್ತು ಇದರಿಂದ ಆಗುತ್ತಿರುವ ಹಾನಿ ಹಣದ ಹಾನಿಯೊಂದೇ ಅಲ್ಲವಾದುದರಿಂದ ಇದನ್ನು ವಿಸ್ತಾರವಾಗಿ ಖಂಡಿಸುವುದು ಅವಶ್ಯಕವೆಂದು ನಾನು ತಿಳಿದಿದ್ದೇನೆ.

ಪೂರ್ವಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿಯೇ ಮೊದಲು ಹೇಳುವುದು ನ್ಯಾಯ. ಕಂಪ್ಯೂಟರಿನ ಅವಯವಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದವು. ಹೊಲಿಗೆಯಂತ್ರದ ಸೂಜಿ ಮುರಿದರೆ ಕಾಣುವಂತೆ, ಬಾವಿಯ ರಾಟೆ ಸವೆದರೆ ಕಿರುಗುಟ್ಟುವಂತೆ ಇದರ ಕೆಡುಕು ಹೊರಗೆ ತೋರಿಬರುವುದಿಲ್ಲ. ಇಂದು ಬಂದ ದೋಷ ನಾಳೆ ಬರುವುದಿಲ್ಲ, ರಿಪೇರಿಯವರ ಮೇಜಿನ ಮೇಲಿಟ್ಟಾಗಲಂತೂ ಬರುವುದೇ ಇಲ್ಲ. ಹೀಗಿರಲಾಗಿ ಅದರ ಬೆನ್ನುಹತ್ತಿ ವಾರಗಟ್ಟಲೆ ಕಳೆಯುವುದಕ್ಕಿಂತ, ಅದಕ್ಕಿಂತ ಎಷ್ಟೋ ಪಾಲು ಚುರುಕಾದ ಹೊಸ ಯಂತ್ರವೊಂದನ್ನು ತಂದು ನೆಮ್ಮದಿಯಾಗಿರುವುದು ಲೇಸಲ್ಲವೆ? ಎಲ್ಲ ವಸ್ತುವಿಗೂ ಆಯುಸ್ಸೆಂಬುದೊಂದು ಉಂಟು. ಇದರ ಆಯುಸ್ಸು ಮುಗಿಯಿತು ಎಂದುಕೊಳ್ಳುವುದರಲ್ಲಿ ತಪ್ಪೇನು? ಇದು ಅವರ ವಾದ.

ತಪ್ಪೇನೆಂದರೆ, ಹಾಗೆಂದುಕೊಂಡಾಗ ನಾವು ಯಾವ ಕಾರಣವನ್ನೂ ಹೇಳಿದಂತಾಗುವುದಿಲ್ಲ. ನಮ್ಮ ತರ್ಕಶಾಸ್ತ್ರಜ್ಞರು ಕಾಲವನ್ನು ಸಾಧಾರಣ ಕಾರಣಗಳ ಸಾಲಿನಲ್ಲಿ ಇಟ್ಟಿದ್ದಾರೆ. ಗಡಿಗೆ ಆಗುವುದಕ್ಕೂ ಕಾಲ ಬೇಕು, ಒಡೆಯುವುದಕ್ಕೂ ಕಾಲ ಬೇಕು, ಒಡೆಯದೆ ಅಟ್ಟದ ಮೇಲೆ ಉಳಿದಿರುವುದಕ್ಕೂ ಕಾಲವೇ ಬೇಕು. ಸಮಸ್ತ ಕಾರ್ಯಗಳಿಗೂ ಸಮಾನವಾಗಿರುವ ಕಾರಣವು ಯಾವುದೊಂದು ಕಾರ್ಯವನ್ನೂ ವಿಶೇಷವಾಗಿ ವಿವರಿಸಲಾರದು. ಗಡಿಗೆ ಏಕೆ ಒಡೆಯಿತೆಂದು ಕೇಳಿದವನು ಕಲ್ಲನ್ನೋ ಕೈಜಾರಿದುದನ್ನೋ ಕೇಳುತ್ತಿದ್ದಾನೆಯೇ ಹೊರತು ಕಾಲವನ್ನು ಕೇಳುತ್ತಿಲ್ಲ. ಒಂದೇ ದಿನ, ಒಂದೇ ಕಾರ್ಖಾನೆಯಲ್ಲಿ ಹುಟ್ಟಿ, ಒಂದೇ ಪೆಟ್ಟಿಗೆಯೊಳಗೆ ಹತ್ತು ವರ್ಷ ಒಟ್ಟಿಗೆ ಬಾಳಿದ ಎರಡು ಭಾಗಗಳಲ್ಲಿ ಒಂದು ಕೆಟ್ಟು ಒಂದು ನೆಟ್ಟಗಿದ್ದರೆ, ಎರಡಕ್ಕೂ ಸಮಾನವಾದ ವಯಸ್ಸು ಆ ಭೇದಕ್ಕೆ ಹೇತುವಾಗುವುದು ಹೇಗೆ? ಮುಪ್ಪೆಂಬ ಉತ್ತರ ಪ್ರಶ್ನೆಯ ಬಾಯಿ ಮುಚ್ಚುತ್ತದೆ. ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಮಾತಿಗೆ ಆಧಾರವಾಗಿ ನನ್ನ ಮನೆಯ ಯಂತ್ರದ ವೃತ್ತಾಂತವನ್ನೇ ಹೇಳುವೆನು. ಸಾಗರದಲ್ಲಿರುವ ನಮ್ಮ ಮನೆಗೆ ಅದು ಬಂದದ್ದು 2012ರಲ್ಲಿ. ಒಳಗೆ ಕೆಲಸದ ಹೊತ್ತಿನ ನೆನಪನ್ನು ಹಿಡಿದಿಡುವ, ತಲಾ 2 ಗಿಗಾಬೈಟಿನ ಎರಡು ರ‍್ಯಾಮ್ ಪಟ್ಟಿಗಳು, ಅವು ಕೂರುವುದಕ್ಕೆ ಎರಡು ಸ್ಲಾಟುಗಳು. ಹತ್ತು ವರ್ಷ ನಿರಾತಂಕವಾಗಿ ನಡೆದ ಯಂತ್ರವು 2022ರ ಮಳೆಗಾಲದಲ್ಲಿ ಕೆಡತೊಡಗಿತು. ಕೆಲವು ದಿನ ಬೆಳಿಗ್ಗೆ ಪರದೆಯೇ ಬೆಳಗದೆ ಒಳಗಿನಿಂದ ದೀರ್ಘವಾದ ಬೀಪ್ ಸದ್ದು ಬರುತ್ತಿತ್ತು. ಕೆಲವು ದಿನ ಚೆನ್ನಾಗಿ ಹೊತ್ತಿಕೊಂಡು, ಕೆಲಸದ ನಡುವೆ ನೀಲಿಪರದೆ ಬೀಳುತ್ತಿತ್ತು, ಮತ್ತು ಆ ಪರದೆಯ ಮೇಲಿನ ದೋಷಸಂಖ್ಯೆ ದಿನಕ್ಕೊಂದಾಗಿ ಬದಲಾಗುತ್ತಿತ್ತು. ಕೆಲವು ದಿನ ಯಂತ್ರವು ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಒಂದು ಸಂಜೆ ಮನೆಯ ಹಳೆಯ ಭಾವಚಿತ್ರಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ ತೆರೆದು ನೋಡಿದಾಗ, ನಾಲ್ಕೈದು ಚಿತ್ರಗಳಲ್ಲಿ ಮುಖಗಳ ಕೆಳಗೆ ಅರ್ಧಕ್ಕರ್ಧ ಬೂದುಬಣ್ಣ ಬಳಿದುಕೊಂಡಿತ್ತು. ಮೂಲದಲ್ಲಿ ಆ ಚಿತ್ರಗಳು ಸರಿಯಾಗಿದ್ದವು. ನಕಲು ಮಾಡಿದ ಯಂತ್ರವು ಸುಳ್ಳು ಹೇಳಿತ್ತು, ಮತ್ತು ಸುಳ್ಳು ಹೇಳಿದೆನೆಂಬ ಸುಳಿವನ್ನೂ ಕೊಟ್ಟಿರಲಿಲ್ಲ.

ಮೂರು ಅಂಗಡಿಗಳಲ್ಲಿ ತೋರಿಸಿದೆನು. ಒಂದರಲ್ಲಿ “ವೈರಸ್ ಸರ್, ಫಾರ್ಮ್ಯಾಟ್ ಹೊಡೀಬೇಕು” ಎಂದರು. ಎರಡನೆಯದರಲ್ಲಿ “ಬೋರ್ಡೇ ಹೋಗಿದೆ” ಎಂದರು. ಮೂರನೆಯದರಲ್ಲಿ “ಹಳೇದಾಯ್ತು ಸರ್, ಇದಕ್ಕೆ ಖರ್ಚು ಮಾಡೋದು ವೇಸ್ಟು, ಎಕ್ಸ್‌ಚೇಂಜಿಗೆ ಕೊಡಿ, 1500 ಹಿಡೀತೀನಿ” ಎಂದರು. ಮೂವರೂ ಪೆಟ್ಟಿಗೆಯ ಮುಚ್ಚಳವನ್ನು ತೆರೆಯಲಿಲ್ಲ. ಮೊದಲನೆಯವರ ಮಾತಿನಂತೆ ಫಾರ್ಮ್ಯಾಟ್ ಆಯಿತು. ಆರು ದಿನ ಯಂತ್ರ ಸರಿಯಾಗಿತ್ತು. ಏಳನೆಯ ದಿನ ನೀಲಿಪರದೆ ಮರಳಿ ಬಂದಿತು.

ಆ ಆರು ದಿನಗಳನ್ನು ಕುರಿತು ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಪ್ರಚಲಿತ ಅಭಿಪ್ರಾಯದ ಅರ್ಧ ಬಲ ಇಂಥ ಆರು ದಿನಗಳಿಂದಲೇ ಬಂದಿದೆ. ಮುಂದೆ ಕಾಣುವಂತೆ ದೋಷವಿದ್ದುದು ರ‍್ಯಾಮಿನ ಕಡೆಯಲ್ಲಿ. ರ‍್ಯಾಮಿನ ಒಂದು ಭಾಗ ದುರ್ಬಲವಾಗಿದ್ದರೆ, ಆ ಭಾಗದಲ್ಲಿ ಯಾವ ವಸ್ತು ಬಂದು ಕೂರುವುದೋ ಅದಕ್ಕನುಸಾರವಾಗಿ ದೋಷವು ಪ್ರಕಟವಾಗುತ್ತದೆ. ತಂತ್ರಾಂಶವನ್ನು ಹೊಸದಾಗಿ ತುಂಬಿದಾಗ ಒಳಗಿನ ವಿನ್ಯಾಸವೆಲ್ಲ ಬದಲಾಗಿ, ಆ ದುರ್ಬಲಸ್ಥಾನದಲ್ಲಿ ಸ್ವಲ್ಪ ಕಾಲ ಅಮುಖ್ಯವಾದುದೇನೋ ಬಿದ್ದಿರಬಹುದು, ಅಥವಾ ಅದು ಖಾಲಿಯೇ ಇರಬಹುದು. ಕುಂಬಾರನ ಕತ್ತೆ ಮಣ್ಣನ್ನು ಹೊತ್ತು ತಂದಿತೆಂದು ಅದನ್ನು ಗಡಿಗೆಯ ಕಾರಣಗಳಲ್ಲಿ ಎಣಿಸಬಾರದೆಂದು ನೈಯಾಯಿಕರು ಎಂದೋ ಎಚ್ಚರಿಸಿದ್ದಾರೆ. ಫಾರ್ಮ್ಯಾಟು ಆ ಕತ್ತೆ. ಕಾರ್ಯಕ್ಕೆ ಮುಂಚೆ ಬಂದು ನಿಂತಿತ್ತು, ಅಷ್ಟೆ. ಇಷ್ಟೇ ಆಗಿದ್ದರೆ ನಿಷ್ಫಲವೆಂದು ಸುಮ್ಮನಾಗಬಹುದಿತ್ತು. ಆದರೆ ಇದರಲ್ಲಿ ಅಪಾಯವೂ ಉಂಟು. ಫಾರ್ಮ್ಯಾಟಿಗೆ ಮುಂಚೆ ಅಂಗಡಿಯವರು ಮನೆಯ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಡುತ್ತಾರೆ. ಆ ನಕಲು ಹಾದುಹೋಗುವುದು ಅದೇ ರೋಗಿಷ್ಠ ರ‍್ಯಾಮಿನ ಮೂಲಕ. ಅನಂತರ ಮೂಲವನ್ನು ಅಳಿಸುತ್ತಾರೆ. ಹೀಗೆ, ಪರೀಕ್ಷಿಸದೆ ಮಾಡಿದ ಚಿಕಿತ್ಸೆಯಿಂದ ಶುದ್ಧವಾದ ಪ್ರತಿ ನಾಶವಾಗಿ ಕೆಟ್ಟ ಪ್ರತಿ ಮಾತ್ರ ಉಳಿಯುವ ಸಂಭವವಿದೆ. ನನ್ನ ಚಿತ್ರಗಳು ಉಳಿದದ್ದು ಅವುಗಳ ಇನ್ನೊಂದು ಪ್ರತಿ ತಂಗಿಯ ಮನೆಯಲ್ಲಿದ್ದುದರಿಂದ.

ಇನ್ನು ನಿದಾನದ ಮಾತು. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮುಂಚೆ ನಿದಾನವನ್ನು ಹೇಳಿರುವುದು ಸುಮ್ಮನೆ ಅಲ್ಲ. ಮೆಮ್‌ಟೆಸ್ಟ್ ಎಂಬ ಸಣ್ಣ ತಂತ್ರಾಂಶವೊಂದು 1990ರ ದಶಕದಿಂದ ಬಳಕೆಯಲ್ಲಿದೆ; ಬಿಟ್ಟಿಯಾಗಿ ದೊರೆಯುತ್ತದೆ; ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರವನ್ನು ಹೊತ್ತಿಸಿದರೆ, ಅದು ರ‍್ಯಾಮಿನ ಪ್ರತಿಯೊಂದು ವಿಳಾಸಕ್ಕೂ ಗೊತ್ತಾದ ಒಂದು ಮಾದರಿಯನ್ನು ಬರೆದು, ಮರಳಿ ಓದಿ, ಬರೆದುದೂ ಓದಿದುದೂ ಒಂದೇ ಆಗಿದೆಯೆ ಎಂದು ತಾಳೆ ನೋಡುತ್ತದೆ. ವ್ಯತ್ಯಾಸ ಕಂಡಲ್ಲಿ ವಿಳಾಸವನ್ನೂ, ಇರಬೇಕಾಗಿದ್ದ ಬೆಲೆಯನ್ನೂ, ಇದ್ದ ಬೆಲೆಯನ್ನೂ, ತಪ್ಪಿದ ಬಿಟ್ಟನ್ನೂ (ಸೊನ್ನೆಯೋ ಒಂದೋ ಆಗಿರುವ ಒಂದು ಅಂಕಿಯನ್ನು) ಪರದೆಯ ಮೇಲೆ ಬರೆಯುತ್ತದೆ. ಒಂದು ರಾತ್ರಿ ಅದನ್ನು ಓಡಲು ಬಿಟ್ಟು ಬೆಳಿಗ್ಗೆ ನೋಡಿದೆನು. ಕೆಂಪು ಸಾಲುಗಳು ಪರದೆ ತುಂಬಿದ್ದವು. ವಿಳಾಸಗಳು ಹಲವು, ಆದರೆ ತಪ್ಪಿದ ಬಿಟ್ಟು ಮಾತ್ರ ಎಲ್ಲ ಸಾಲುಗಳಲ್ಲಿಯೂ ಒಂದೇ.

ಆ ಒಂದು ಸಾಮ್ಯದಲ್ಲಿ ಎಷ್ಟು ಅರ್ಥವಿದೆಯೆಂಬುದನ್ನು ಓದುಗರು ಗಮನಿಸಬೇಕು. ಇಂಥ ರ‍್ಯಾಮಿನಲ್ಲಿ ಒಂದೊಂದು ಬಿಟ್ಟೂ ಅತಿಸೂಕ್ಷ್ಮವಾದ ಒಂದು ಕೆಪಾಸಿಟರಿನಲ್ಲಿ ಸಂಗ್ರಹವಾದ ವಿದ್ಯುದಂಶವಾಗಿರುತ್ತದೆ. ಒಂದು ಟ್ರಾನ್ಸಿಸ್ಟರು ಅದರ ಬಾಗಿಲು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಲ್ಪಿಸಿದ ಈ ವಿನ್ಯಾಸವೇ ಇಂದಿಗೂ ನಡೆದುಬಂದಿದೆ. ಆ ವಿದ್ಯುದಂಶ ಸೋರುವ ಸ್ವಭಾವದ್ದು. ಆದುದರಿಂದ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಬೇಕು. ಒಂದು ಕೋಶ ಕೆಟ್ಟಿದ್ದರೆ ತಪ್ಪು ಒಂದೇ ವಿಳಾಸದಲ್ಲಿ ಪದೇಪದೇ ಬರುತ್ತದೆ. ವಿಳಾಸ ಹಲವಾಗಿ ಬಿಟ್ಟು ಒಂದೇ ಆಗಿದ್ದರೆ ಕೋಶಗಳ ಮೇಲಿನ ಶಂಕೆ ಹಿಂದೆ ಸರಿದು, ಆ ಬಿಟ್ಟು ಹಾದುಬರುವ ತಂತಿಯ ಮೇಲೆ, ಅಂದರೆ ಪಟ್ಟಿಯ ಅಂಚಿನ ಚಿನ್ನದ ಹೊದಿಕೆಯ ಒಂದು ಹಲ್ಲಿನ ಮೇಲೋ ಸ್ಲಾಟಿನೊಳಗಿನ ಒಂದು ಸ್ಪ್ರಿಂಗಿನ ಮೇಲೋ ಶಂಕೆ ಬೀಳುತ್ತದೆ. ಊರಿನ ಎಲ್ಲ ಮನೆಗಳಿಗೂ ನೀರು ಕೆಂಪಾಗಿ ಬಂದರೆ ಮನೆಮನೆಯ ನಲ್ಲಿಗಳನ್ನು ಬಿಚ್ಚುವವರುಂಟೆ? ಅದೃಶ್ಯವಾದುದು ಅಜ್ಞೇಯವೂ ಹೌದೆನ್ನುವ ಪೂರ್ವಪಕ್ಷಕ್ಕೆ ಇದೇ ಉತ್ತರ: ಕೋಟ್ಯಂತರ ಕೋಶಗಳಲ್ಲಿ ಒಂದನ್ನೂ ಕಣ್ಣಿನಿಂದ ನೋಡದೆ, ದೋಷವು ಇಂಥ ಅಂಗುಲದೊಳಗೆ ಇದೆಯೆಂದು ಹೇಳಬಹುದು.

ಶಂಕೆಯನ್ನು ನಿಶ್ಚಯಕ್ಕೆ ತರುವ ಉಪಾಯವೂ ನಮ್ಮ ತರ್ಕದಲ್ಲಿಯೇ ಇದೆ. ಅದು ಇದ್ದಾಗ ಇದು ಇರುವುದು ಅನ್ವಯ; ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಮೊದಲನೆಯ ಪಟ್ಟಿಯನ್ನು ಮೊದಲನೆಯ ಸ್ಲಾಟಿನಲ್ಲಿ ಒಂಟಿಯಾಗಿಟ್ಟು ಪರೀಕ್ಷಿಸಿದೆನು: ತಪ್ಪು ಬಂದಿತು. ಎರಡನೆಯ ಪಟ್ಟಿಯನ್ನು ಅದೇ ಸ್ಲಾಟಿನಲ್ಲಿಟ್ಟೆನು: ತಪ್ಪು ಬಂದಿತು, ಅದೇ ಬಿಟ್ಟು. ಎರಡನ್ನೂ ಒಂದೊಂದಾಗಿ ಎರಡನೆಯ ಸ್ಲಾಟಿನಲ್ಲಿಟ್ಟೆನು: ಎರಡೂ ನಿರ್ದೋಷ. ನಾಲ್ಕು ಪರೀಕ್ಷೆಗಳಿಗೆ ಎರಡು ದಿನ ಹಿಡಿಯಿತು, ಅದರಲ್ಲಿಯೂ ಬಹುಪಾಲು ಯಂತ್ರವು ತನ್ನಷ್ಟಕ್ಕೆ ಓಡುತ್ತಿದ್ದ ಕಾಲ. ತಪ್ಪು ಪಟ್ಟಿಯೊಡನೆ ಹೋಗಲಿಲ್ಲ, ಸ್ಲಾಟಿನೊಡನೆ ನಿಂತಿತು. ಪಟ್ಟಿಗಳೆರಡೂ ನಿರಪರಾಧಿಗಳೆಂದು ತೀರ್ಮಾನವಾಯಿತು. ದೀಪ ಹಿಡಿದು ನೋಡಿದಾಗ ಆ ಸ್ಲಾಟಿನ ಒಂದು ಕೊನೆಯಲ್ಲಿ ಧೂಳು ಮಲೆನಾಡಿನ ಮಳೆಗಾಲದ ತೇವವನ್ನು ಹೀರಿ ಗಟ್ಟಿಯಾಗಿ ಕೂತಿದ್ದಿತು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಬಿಡಿಸಿ, ಮೃದುವಾದ ಕುಂಚದಿಂದಲೂ ಐಸೊಪ್ರೊಪೈಲ್ ಮದ್ಯಸಾರದಿಂದಲೂ ಶುಚಿಮಾಡಿ, ಒಣಗಲು ಬಿಟ್ಟು, ಮತ್ತೆ ರಾತ್ರಿಯಿಡೀ ಪರೀಕ್ಷಿಸಿದೆನು. ಬೆಳಗಿನವರೆಗೆ ಒಂದು ತಪ್ಪೂ ಇಲ್ಲ. (ಹಲವರು ಪಟ್ಟಿಯ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವುದುಂಟು. ಅದರಿಂದ ಎಷ್ಟೋ ಯಂತ್ರಗಳು ಎದ್ದಿವೆಯಾದರೂ ಚಿನ್ನದ ಲೇಪ ಬಹು ತೆಳುವಾದುದರಿಂದ ಪದೇಪದೇ ಉಜ್ಜಿದರೆ ಸವೆದುಹೋಗುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ.)

ನೀಲಿಪರದೆ ನಿಂತಿತು, ಬೀಪ್ ಸದ್ದು ನಿಂತಿತು, ಚಿತ್ರಗಳ ನಕಲು ಶುದ್ಧವಾಗಿ ಬಂದಿತು. ಆದರೆ ತಾನಾಗಿ ಆರಿ ಹೊತ್ತಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಇಲ್ಲಿಯೇ ಬಹುಮಂದಿ ಧೈರ್ಯಗೆಡುತ್ತಾರೆ, ಮತ್ತು “ನೋಡಿ, ಮುಪ್ಪು ಬಂದದ್ದಕ್ಕೆ ಒಂದು ಸರಿಮಾಡಿದರೆ ಇನ್ನೊಂದು” ಎಂಬ ಮಾತು ಇಲ್ಲಿಯೇ ಗೆಲ್ಲುತ್ತದೆ. ನಿಜವಾದ ಸಂಗತಿಯೆಂದರೆ ದೋಷಗಳು ಮೊದಲಿನಿಂದಲೂ ಎರಡಿದ್ದವು, ಒಂದರ ಲಕ್ಷಣ ಇನ್ನೊಂದರ ಲಕ್ಷಣದೊಡನೆ ಬೆರೆತು ರಹಸ್ಯದಂತೆ ತೋರುತ್ತಿದ್ದಿತು. ಆರಿಹೋಗುವುದು ಚಲನಚಿತ್ರ ನೋಡುವಾಗ, ದೊಡ್ಡ ಕಡತಗಳನ್ನು ಕುಗ್ಗಿಸುವಾಗ, ಎಂದರೆ ಯಂತ್ರಕ್ಕೆ ಹೊರೆ ಬಿದ್ದಾಗ ಮಾತ್ರ ಎಂಬುದನ್ನು ಒಂದು ವಾರ ಬರೆದಿಟ್ಟು ಗುರುತಿಸಿದೆನು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯ 12 ವೋಲ್ಟಿನ ಹಳದಿ ತಂತಿ ಶೇಕಡಾ 5ಕ್ಕಿಂತ ಹೆಚ್ಚು ತೂಗಾಡಕೂಡದು, 11.4ರಿಂದ 12.6ರೊಳಗೆ ಇರಬೇಕು. ಮಲ್ಟಿಮೀಟರ್ ಹಿಡಿದು ನೋಡಿದರೆ ಸುಮ್ಮನಿರುವಾಗ 11.9, ಹೊರೆ ಬಿದ್ದಾಗ 11.1. ಆ ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ, ಯಾರೂ ಮನೆಯಲ್ಲಿ ಬಿಚ್ಚಕೂಡದು; ನಮ್ಮ 230 ವೋಲ್ಟಿನ ವಿದ್ಯುತ್ತು ಅದರೊಳಗೆ 300 ವೋಲ್ಟನ್ನು ಮೀರಿದ ನೇರವಿದ್ಯುತ್ತಾಗಿ ಕೆಪಾಸಿಟರುಗಳಲ್ಲಿ ತುಂಬಿಕೊಂಡು, ತಂತಿ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರುತ್ತದೆ. 1200 ರೂಪಾಯಿಗೆ ಹೊಸದೊಂದನ್ನು ತಂದು ಹಾಕಿದೆನು. ಜೊತೆಗೆ, ಎರಡೇ ಕಡ್ಡಿಯ ಅಡಾಪ್ಟರಿನಿಂದ ನಡೆಯುತ್ತಿದ್ದ ಯಂತ್ರವನ್ನು ಅರ್ತ್ ಇರುವ ಮೂರು ರಂಧ್ರದ ಪ್ಲಗ್ಗಿಗೆ ಜೋಡಿಸಿದ ಮೇಲೆ, ಕ್ಯಾಬಿನೆಟ್ಟನ್ನು ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದುದೂ ನಿಂತಿತು. ಅದನ್ನೂ ಮನೆಯವರು ಮುಪ್ಪಿನ ಲೆಕ್ಕಕ್ಕೇ ಬರೆದಿದ್ದರು.

ಭಾಗಗಳು ನಿಜವಾಗಿ ಮುದಿಯಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತವೆ, ಆದರೆ ಪ್ರತಿಯೊಂದೂ ತನ್ನದೇ ಆದ ರೀತಿಯಲ್ಲಿ, ಅಳೆಯಬಹುದಾದ ರೀತಿಯಲ್ಲಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗಿನ ದ್ರವ ಆರುತ್ತದೆ, ಉಷ್ಣತೆ 10 ಡಿಗ್ರಿ ತಗ್ಗಿದರೆ ಅದರ ಆಯುಸ್ಸು ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಕೆಟ್ಟುದರ ತಲೆ ಉಬ್ಬಿ ಕಣ್ಣಿಗೇ ಕಾಣುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ದ್ರವದ ದೋಷದಿಂದ ಎರಡು ಮೂರು ವರ್ಷಕ್ಕೇ ಉಬ್ಬಿ ಒಡೆದ ಕೆಪಾಸಿಟರುಗಳು ಲೋಕದಾದ್ಯಂತ ಅಸಂಖ್ಯಾತ ಮದರ್‌ಬೋರ್ಡುಗಳನ್ನು ಕೆಡಿಸಿದವು; ಅವು ಎಳೆಯ ಯಂತ್ರಗಳು. ರ‍್ಯಾಮಿನ ವಿಷಯದಲ್ಲಿ 2009ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್ ಸಂಸ್ಥೆಯ ಇಬ್ಬರು ಸಂಶೋಧಕರು ಆ ಸಂಸ್ಥೆಯ ಯಂತ್ರಗಳನ್ನು ಎರಡೂವರೆ ವರ್ಷ ಪರಿಶೀಲಿಸಿ ಪ್ರಕಟಿಸಿದ ಲೇಖನದಲ್ಲಿ, ವರ್ಷವೊಂದರಲ್ಲಿ ಶೇಕಡಾ 8ರಷ್ಟು ಪಟ್ಟಿಗಳಲ್ಲಿ ತಪ್ಪು ಕಂಡುಬಂದುದನ್ನೂ, ವಯಸ್ಸಿನೊಡನೆ ತಪ್ಪುಗಳು ಹೆಚ್ಚುವುದನ್ನೂ ಹೇಳಿದ್ದಾರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಲೇಖನವೇ, ತಪ್ಪುಗಳಲ್ಲಿ ಹೆಚ್ಚಿನವು ಆಗಂತುಕವಾದವಲ್ಲ, ಭೌತಿಕ ದೋಷದಿಂದ ಮರುಕಳಿಸುವಂಥವು ಎಂದೂ ಹೇಳುತ್ತದೆ. 2011ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯವರು ಹತ್ತು ಲಕ್ಷ ಮನೆಬಳಕೆಯ ಕಂಪ್ಯೂಟರುಗಳನ್ನು ಪರಿಶೀಲಿಸಿದಾಗ, ಭಾಗಗಳ ದೋಷದಿಂದ ಒಮ್ಮೆ ಸ್ತಬ್ಧವಾದ ಯಂತ್ರ ಮತ್ತೆ ಸ್ತಬ್ಧವಾಗುವ ಸಂಭವ ನೂರ್ಮಡಿಯವರೆಗೂ ಹೆಚ್ಚೆಂದು ಕಂಡಿತು. ಮರುಕಳಿಸುವುದು ಎಂದರೆ ನೆಲೆಯುಳ್ಳದ್ದು, ನೆಲೆಯುಳ್ಳದ್ದನ್ನು ಹುಡುಕಬಹುದು. ಕೋಶವೇ ಕೆಟ್ಟಿದ್ದರೂ, ಲಿನಕ್ಸ್ ಎಂಬ ಕಾರ್ಯಾಚರಣ ತಂತ್ರಾಂಶದಲ್ಲಿ ಆ ವಿಳಾಸಗಳನ್ನು ಬಳಸಬೇಡವೆಂದು ಆಜ್ಞಾಪಿಸಿ, ಗದ್ದೆಯ ಜೌಗು ಮೂಲೆಯನ್ನು ಬಿತ್ತದೆ ಬಿಡುವಂತೆ ಬಿಟ್ಟು, ಉಳಿದುದನ್ನೆಲ್ಲ ಬಳಸಬಹುದು.

ಹಾಗಾದರೆ ಇಷ್ಟು ಸ್ಪಷ್ಟವಾದ ದೋಷ ರಹಸ್ಯದಂತೆ ತೋರುವುದೇಕೆ? ಈ ಪ್ರಶ್ನೆಗೆ ಬರುವ ಉತ್ತರ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುತ್ತದೆ. ಬೆಲ್ ಪ್ರಯೋಗಶಾಲೆಯಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು ವಾರಾಂತ್ಯದಲ್ಲಿ ರಿಲೇ ಗಣಕಕ್ಕೆ ಲೆಕ್ಕವನ್ನೊಪ್ಪಿಸಿ ಹೋಗಿ, ಮರಳಿ ಬಂದಾಗ ಅದು ತಪ್ಪೊಂದನ್ನು ಕಂಡು ಆ ಲೆಕ್ಕವನ್ನೇ ಕೈಬಿಟ್ಟಿರುವುದನ್ನು ನೋಡಿ ಬೇಸತ್ತು, ತಪ್ಪನ್ನು ಕಾಣಬಲ್ಲ ಯಂತ್ರ ಅದು ಎಲ್ಲಿದೆಯೆಂದು ಗುರುತಿಸಿ ತಿದ್ದಲೂ ಬಲ್ಲದಾಗಬೇಕೆಂದು ಯೋಚಿಸಿ, 1950ರಲ್ಲಿ ಅದರ ಗಣಿತವನ್ನು ಪ್ರಕಟಿಸಿದರು. 1981ರ ಐಬಿಎಂ ಪಿಸಿಯಲ್ಲಿ ಪ್ರತಿ ಎಂಟು ಬಿಟ್ಟಿಗೂ ಒಂಬತ್ತನೆಯದೊಂದು ಕಾವಲು ಬಿಟ್ಟು ಇದ್ದಿತು. ರ‍್ಯಾಮು ತಪ್ಪಿದರೆ ಯಂತ್ರ ಆ ತಪ್ಪನ್ನು ಬಾಯಿಬಿಟ್ಟು ಹೇಳಿ ನಿಲ್ಲುತ್ತಿತ್ತು. 1990ರ ದಶಕದಲ್ಲಿ, ಬೆಲೆ ತಗ್ಗಿಸುವ ಸಲುವಾಗಿ, ಆ ಒಂಬತ್ತನೆಯ ಬಿಟ್ಟನ್ನು ಮನೆಯ ಯಂತ್ರಗಳಿಂದ ತೆಗೆದುಹಾಕಿದರು. ತಪ್ಪು ತಿದ್ದುವ ರ‍್ಯಾಮು ದೊಡ್ಡ ಸಂಸ್ಥೆಗಳ ಸರ್ವರುಗಳಿಗೆ ಮೀಸಲಾಯಿತು. ಲಿನಕ್ಸಿನ ಕರ್ತೃ ಲೈನಸ್ ಟೊರ್ವಾಲ್ಡ್ಸ್ 2021ರಲ್ಲಿ ಇದನ್ನು ಕಟುವಾಗಿ ಆಕ್ಷೇಪಿಸಿದ್ದಾರೆ. ಬ್ಯಾಂಕಿನ ಲೆಕ್ಕಕ್ಕೆ ಕಾವಲು ಬೇಕು, ಮನೆಯ ಭಾವಚಿತ್ರಕ್ಕೆ ಬೇಡ ಎಂದು ತೀರ್ಮಾನಿಸಿದವರು ಯಂತ್ರದ ನಾಲಗೆಯನ್ನು ಕತ್ತರಿಸಿದರು. ಹಾಗೆ ಮೂಕವಾದ ಯಂತ್ರದ ಮೌನವನ್ನು ನಾವು ಅದರ ಮುದಿತನವೆಂದು ಓದುತ್ತಿದ್ದೇವೆ.

ಬೆಲೆಯ ವಾದವೊಂದು ಉಳಿದಿದೆ. ಅದಕ್ಕೆ ಹೆಚ್ಚು ಮಾತು ಬೇಡ. 2002ರಲ್ಲಿ ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು ಕೇವಲ 2 ಗ್ರಾಮ್ ತೂಗುವ 32 ಮೆಗಾಬೈಟಿನ ಒಂದು ರ‍್ಯಾಮ್ ಚಿಪ್ಪನ್ನು ತಯಾರಿಸಿ ಬಳಸುವುದಕ್ಕೆ 1600 ಗ್ರಾಮ್ ಇಂಧನವೂ 72 ಗ್ರಾಮ್ ರಾಸಾಯನಿಕಗಳೂ, ತಯಾರಿಕೆಯೊಂದಕ್ಕೇ 32 ಕಿಲೋಗ್ರಾಮ್ ನೀರೂ ಬೇಕೆಂದು ಲೆಕ್ಕಹಾಕಿದರು. 2022ರಲ್ಲಿ ಲೋಕದಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಬಿದ್ದಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಗಾದುದು ಶೇಕಡಾ 22.3 ಎಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಧೂಳು ಕೂತ ಸ್ಲಾಟಿಗಾಗಿ ಇಡೀ ಯಂತ್ರವನ್ನು ಆ ರಾಶಿಗೆ ಸೇರಿಸುವುದನ್ನು ಉಳಿತಾಯವೆಂದು ಹೇಗೆ ಕರೆಯೋಣ? ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರಿನಲ್ಲಿ ನಿಂತುಹೋದುದನ್ನು ಕೆಲವರು ಮುಂದೊಡ್ಡುತ್ತಾರೆ. ಅದು ತಂತ್ರಾಂಶ ಮಾಡಿದವರ ನಿರ್ಧಾರ, ಯಂತ್ರದ ರೋಗವಲ್ಲ, ಮತ್ತು ಲಿನಕ್ಸು ಅಂಥ ಯಂತ್ರಗಳನ್ನು ಇನ್ನೂ ನಡೆಸುತ್ತಿದೆ. ಮದರ್‌ಬೋರ್ಡು ನಿಜವಾಗಿ ಬಿರುಕುಬಿಟ್ಟಿದ್ದರೆ, ಬಿಡಿಭಾಗ ಎಲ್ಲಿಯೂ ದೊರೆಯದಿದ್ದರೆ, ಯಂತ್ರವನ್ನು ಬೀಳ್ಕೊಡುವುದು ಸರಿ. ಕಾರಣ ತಿಳಿದು ಬೀಳ್ಕೊಡುವುದಕ್ಕೆ ನನ್ನ ವಿರೋಧವಿಲ್ಲ.

ಅಂಗಡಿಯ ಹುಡುಗರನ್ನು ದೂರುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಭೂತಕನ್ನಡಿ ಹಿಡಿದು ಬೋರ್ಡಿನ ಒಂದೊಂದು ಬೆಸುಗೆಯನ್ನೂ ಪರೀಕ್ಷಿಸಿ ಕೆಟ್ಟ ಕೆಪಾಸಿಟರನ್ನು ಕಿತ್ತು ಹೊಸದನ್ನು ಕೂರಿಸುವವರನ್ನು ನಾನು ಕಂಡಿದ್ದೇನೆ, ಅವರ ವಿದ್ಯೆಗೆ ತಲೆಬಾಗಿದ್ದೇನೆ. ಆದರೆ ನಾಲ್ಕು ಪರೀಕ್ಷೆಗಳಿಗೆ ಎರಡು ದಿನ ಕೊಟ್ಟ ಹುಡುಗನಿಗೆ ಆ ಎರಡು ದಿನದ ಕೂಲಿಯನ್ನು ಕೊಡಲು ನಮ್ಮಲ್ಲಿ ಎಷ್ಟು ಜನ ಒಪ್ಪುತ್ತೇವೆ? “ಏನೂ ಭಾಗ ಹಾಕಲಿಲ್ಲವಲ್ಲ, ದುಡ್ಡೇಕೆ?” ಎಂದು ಕೇಳುವವರು ನಾವು. ನಿದಾನಕ್ಕೆ ಬೆಲೆಯಿಲ್ಲದ ಕಡೆಯಲ್ಲಿ ನಿದಾನ ಮಾಡುವವರು ಉಳಿಯಲಾರರು. ಫಾರ್ಮ್ಯಾಟು ಮಾಡುವವರೂ ಎಕ್ಸ್‌ಚೇಂಜು ಹಿಡಿಯುವವರೂ ಉಳಿಯುತ್ತಾರೆ. ಸುಳ್ಳು ಅಭಿಪ್ರಾಯವನ್ನು ಕೊಂಡು ಬೆಳೆಸಿದವರು ನಾವೇ.

ಆದುದರಿಂದ ಇದನ್ನು ಓದುತ್ತಿರುವವರಲ್ಲಿ ನನ್ನ ಪ್ರಾರ್ಥನೆ ಇಷ್ಟು. ನಿಮ್ಮ ಮನೆಯಲ್ಲಿ ಅಂಥದೊಂದು ಯಂತ್ರವಿದ್ದರೆ, ಫಾರ್ಮ್ಯಾಟಿಗೆ ಒಪ್ಪಿಸುವ ಮುಂಚೆ, ಎಕ್ಸ್‌ಚೇಂಜಿಗೋ ಗುಜರಿಗೋ ಕೊಡುವ ಮುಂಚೆ, ಅದನ್ನು ಒಂದು ರಾತ್ರಿ ಮೆಮ್‌ಟೆಸ್ಟಿಗೆ ಬಿಡಿರಿ. ಬೆಳಿಗ್ಗೆ ಪರದೆಯ ಮೇಲೆ ಕಾಣುವ ವಿಳಾಸವನ್ನೂ ತಪ್ಪಿದ ಬಿಟ್ಟನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಆ ಕಾಗದವನ್ನು ಹಿಡಿದುಕೊಂಡು ಅಂಗಡಿಗೆ ಹೋಗಿರಿ, ಪರೀಕ್ಷೆಯ ಕೂಲಿ ಎಷ್ಟಾದರೂ ಕೊಡುವೆನೆಂದು ಮೊದಲೇ ಹೇಳಿರಿ.